ಡೂಹನ್ ಕಳೆದುಕೊಂಡ ನಾಲ್ಕು ಅಂಕ

ಮೋಟಾರ್‌ಸೈಕಲ್ ರೇಸರ್ ಮಿಕ್ ಡೂಹನ್ ಅವರ ಹೆಸರು ಬಂದಾಗಲೆಲ್ಲ ರೇಸ್ ಪ್ರಿಯರು ಮೊದಲು ನೆನೆಯುವುದು 1994ರಿಂದ 1998ರವರೆಗೆ ಅವರು ಸತತವಾಗಿ ಗೆದ್ದ ಐದು 500 ಸಿಸಿ ವಿಶ್ವ ಚಾಂಪಿಯನ್ ಪಟ್ಟಗಳನ್ನು. ಆ ಐದರ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೂ ಒಬ್ಬ ವೃತ್ತಿಪರ ರೇಸರ್‌ನ ಬದುಕು ಎಂಥದ್ದೆಂದು ತಿಳಿಯಬೇಕಾದವರು ಅವರು ಗೆಲ್ಲದೆ ಹೋದ 1992ರ ಅಂಕಪಟ್ಟಿಯನ್ನು ಮೊದಲು ನೋಡಬೇಕೆಂದು ನನಗೆ ಅನಿಸುತ್ತದೆ. ಆ ವರ್ಷ ಚಾಂಪಿಯನ್ ಆದ ಅಮೆರಿಕದ ವೇಯ್ನ್ ರೈನಿ ಗಳಿಸಿದ್ದು 140 ಅಂಕ. ಎರಡನೆಯವರಾದ ಡೂಹನ್ ಗಳಿಸಿದ್ದು 136. ಈ ನಾಲ್ಕು ಅಂಕಗಳ ಹಿಂದೆ ಒಂದು ಕಾಲಿನ ಕಥೆಯಿದೆ.

1965ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹುಟ್ಟಿದ ಡೂಹನ್, ಅಲ್ಲಿನ ಸೂಪರ್‌ಬೈಕ್ ರೇಸುಗಳಲ್ಲಿ ಹೆಸರು ಮಾಡಿ, 1989ರಲ್ಲಿ ಹೋಂಡಾ ತಂಡದ ಮೂಲಕ ಗ್ರ್ಯಾನ್ ಪ್ರಿಗೆ, ಅಂದರೆ ವಿಶ್ವ ಚಾಂಪಿಯನ್ ಪಟ್ಟದ ರೇಸುಗಳಿಗೆ, ಬಂದವರು. 1990ರಲ್ಲಿ ಹಂಗೆರಿಯಲ್ಲಿ ಮೊದಲ ಗೆಲುವು ಸಿಕ್ಕಿತು. 1991ರಲ್ಲಿ ರೈನಿಯವರ ಹಿಂದೆ ಎರಡನೆಯ ಸ್ಥಾನ. ಇಲ್ಲಿಯವರೆಗಿನದು ಪ್ರತಿಭಾವಂತ ಸವಾರನೊಬ್ಬನ ಸಹಜವಾದ ಏಳಿಗೆಯಷ್ಟೇ.

ಆ ಕಾಲದ 500 ಸಿಸಿ ಬೈಕುಗಳ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಆರ್‌ಎಕ್ಸ್ 100 ಓಡಿಸಿದವರಿಗೆ ಟೂ-ಸ್ಟ್ರೋಕ್ ಎಂಜಿನ್‌ನ ಎರಡು ಗುಣಗಳು ಚೆನ್ನಾಗಿ ಗೊತ್ತು: ಆಕ್ಸಲರೇಟರ್ ತಿರುವಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಮ್ಮೆಲೇ ನುಗ್ಗುತ್ತದೆ, ಮತ್ತು ಆಕ್ಸಲರೇಟರ್ ಬಿಟ್ಟಾಗ ಎಂಜಿನ್ ವೇಗವನ್ನು ಹಿಡಿದು ನಿಲ್ಲಿಸುವುದೇ ಇಲ್ಲ. ಆರ್‌ಎಕ್ಸ್‌ನ ಹನ್ನೊಂದು ಅಶ್ವಶಕ್ತಿಯ ಜಾಗದಲ್ಲಿ 170ಕ್ಕೂ ಹೆಚ್ಚು ಅಶ್ವಶಕ್ತಿಯನ್ನೂ, ಅದನ್ನು ಹೊರಲು ಸುಮಾರು 130 ಕಿಲೋ ತೂಕದ ಬೈಕನ್ನೂ ಇಟ್ಟುಕೊಂಡು ಊಹಿಸಿದರೆ ಹೋಂಡಾ ಎನ್‌ಎಸ್‌ಆರ್ 500 ಎಂಥ ಯಂತ್ರವೆಂಬುದು ತಿಳಿಯುತ್ತದೆ. ಜಾರುವ ಹಿಂಚಕ್ರವನ್ನು ಸಂಭಾಳಿಸಲು ಇಂದಿನಂತೆ ಎಲೆಕ್ಟ್ರಾನಿಕ್ ನೆರವು ಇರಲಿಲ್ಲ. ಸವಾರನ ಬಲಗೈ ಮತ್ತು ಬಲಗಾಲುಗಳೇ ಆ ಕೆಲಸ ಮಾಡಬೇಕಿತ್ತು. ತಿರುವಿನಲ್ಲಿ ವಾಲಿರುವಾಗ ಹಿಂಚಕ್ರ ಜಾರಿ, ಮರುಕ್ಷಣವೇ ಥಟ್ಟನೆ ಹಿಡಿತ ಸಿಕ್ಕಿತೆಂದರೆ ಬೈಕು ಸವಾರನನ್ನು ಮೇಲಕ್ಕೆ ಎಸೆಯುತ್ತಿತ್ತು. ರೇಸಿನವರು ಹೈಸೈಡ್ ಎಂದು ಕರೆಯುವ ಈ ಅಪಘಾತ ಆ ದಿನಗಳಲ್ಲಿ ಎಲುಬು ಮುರಿಸದೆ ಬಿಟ್ಟ ಸವಾರರು ವಿರಳ.

1992ರಲ್ಲಿ ಹೋಂಡಾ ಈ ಎಂಜಿನ್‌ನಲ್ಲಿ ಒಂದು ಬದಲಾವಣೆ ಮಾಡಿತು. ನಾಲ್ಕು ಸಿಲಿಂಡರ್‌ಗಳೂ ಒಂದರ ಬೆನ್ನಿಗೆ ಒಂದು, ಬಹಳ ಕಡಿಮೆ ಅಂತರದಲ್ಲಿ ಉರಿಯುವಂತೆ ಹೊಂದಿಸಿದ್ದರಿಂದ, ಪ್ರತಿ ಸುತ್ತಿನ ಉಳಿದ ಭಾಗದಲ್ಲಿ ಹಿಂದಿನ ಟೈರಿಗೆ ನೆಲವನ್ನು ಮತ್ತೆ ಕಚ್ಚಿಕೊಳ್ಳಲು ಸಮಯ ಸಿಗುತ್ತಿತ್ತು. ಬಿಗ್ ಬ್ಯಾಂಗ್ ಎಂದು ಹೆಸರಾದ ಈ ಎಂಜಿನ್‌ನೊಂದಿಗೆ ಡೂಹನ್ ಮೊದಲ ಏಳು ರೇಸುಗಳಲ್ಲಿ ಐದನ್ನು ಗೆದ್ದರು, ಎರಡರಲ್ಲಿ ಎರಡನೆಯವರಾದರು. ಗೆಲುವಿಗೆ 20, ಎರಡನೆಯ ಸ್ಥಾನಕ್ಕೆ 15ರಂತೆ ಒಟ್ಟು 130 ಅಂಕ. ರೈನಿಯವರ ಬಳಿ ಆಗ ಇದ್ದದ್ದು ಸರಿಯಾಗಿ ಅದರ ಅರ್ಧ, 65. ಇನ್ನುಳಿದಿದ್ದದ್ದು ಆರೇ ರೇಸು.

ಎಂಟನೆಯ ರೇಸು ನೆದರ್‌ಲೆಂಡ್ಸ್‌ನ ಅಸೆನ್‌ನಲ್ಲಿ. ಅಲ್ಲಿ ಅಭ್ಯಾಸದ ವೇಳೆ ಬಿದ್ದ ಡೂಹನ್ ಅವರ ಬಲಗಾಲಿನ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ರೇಸರ್‌ಗಳ ಲೆಕ್ಕದಲ್ಲಿ ಇದು ದೊಡ್ಡ ಗಾಯವಲ್ಲ. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೆಲವು ವಾರಗಳಲ್ಲಿ ಮರಳಬಹುದೆಂಬ ಎಣಿಕೆಯಲ್ಲಿಯೇ ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ ನಡೆಯಿತು. ಆದರೆ ಕಾಲಿನೊಳಗೆ ಒತ್ತಡ ಏರಿ ರಕ್ತಸಂಚಾರ ಕೆಟ್ಟಿತು, ಮಾಂಸಖಂಡ ಸಾಯತೊಡಗಿತು, ಕಾಲನ್ನೇ ಕತ್ತರಿಸಬೇಕಾಗಬಹುದೆಂಬ ಮಾತು ಬಂತು. ಆಗ ಮುಂದೆ ಬಂದವರು ಇಟಲಿಯ ವೈದ್ಯ ಕ್ಲಾಡಿಯೊ ಕೋಸ್ಟಾ. ರೇಸಿನಿಂದ ರೇಸಿಗೆ ತಿರುಗುವ ಕ್ಲಿನಿಕಾ ಮೊಬಿಲೆ ಎಂಬ ಸಂಚಾರಿ ಚಿಕಿತ್ಸಾಲಯವನ್ನು ಕಟ್ಟಿದ್ದ ಅವರು, ಡೂಹನ್ ಅವರನ್ನೂ ಅದೇ ಅಸೆನ್‌ನಲ್ಲಿ ಗಾಯಗೊಂಡಿದ್ದ ಮತ್ತೊಬ್ಬ ಸವಾರ ಕೆವಿನ್ ಶ್ವಾಂಟ್ಝ್ ಅವರನ್ನೂ ವಿಮಾನದಲ್ಲಿ ಇಟಲಿಯ ಬೊಲೊನ್ಯಕ್ಕೆ ಸಾಗಿಸಿದರು.

ಅಲ್ಲಿ ಕೋಸ್ಟಾ ಮಾಡಿದ್ದನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಅವರು ಡೂಹನ್ ಅವರ ಎರಡೂ ಕಾಲುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದರು. ಬಲಗಾಲಿಗೆ ತನ್ನದೇ ರಕ್ತ ಸಾಲದಾಗಿದ್ದರಿಂದ, ಆರೋಗ್ಯವಾಗಿದ್ದ ಎಡಗಾಲಿನ ರಕ್ತನಾಳಗಳೇ ಎರಡೂ ಕಾಲುಗಳನ್ನು ಸಾಕಲಿ ಎಂಬುದು ಇದರ ಹಿಂದಿನ ಯೋಚನೆ. ಸುಮಾರು ಎರಡು ವಾರ ಕಾಲುಗಳು ಹಾಗೆಯೇ ಇದ್ದವು. ಕೆಲವೇ ದಿನಗಳ ಹಿಂದೆ ಜಗತ್ತಿನ ಅತಿ ವೇಗದ ಸವಾರನಾಗಿದ್ದ ಮನುಷ್ಯ ಮಗ್ಗುಲು ಬದಲಿಸಲೂ ಪರರ ನೆರವು ಕೇಳುತ್ತ ಮಲಗಿದ್ದಾಗ, ಇತ್ತ ಹಂಗೆರಿ, ಫ್ರಾನ್ಸ್, ಬ್ರಿಟನ್ ಎಂದು ರೇಸುಗಳು ಒಂದೊಂದಾಗಿ ಕಳೆಯುತ್ತಿದ್ದವು. ಕಾಲು ಉಳಿಯಿತು, ಆದರೆ ಬಲಗಾಲಿನ ಹರಡು, ಅಂದರೆ ಪಾದದ ಕೀಲು, ತನ್ನ ಚಲನೆಯನ್ನು ಬಹುಮಟ್ಟಿಗೆ ಕಳೆದುಕೊಂಡಿತು.

ಬಿದ್ದ ಸುಮಾರು ಎಂಟು ವಾರಗಳಿಗೆ, ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ಡೂಹನ್ ಮತ್ತೆ ಬೈಕ್ ಏರಿದರು. ಒಣಗಿದ ಕಾಲು, ಸೊರಗಿದ ಮೈ. ಅಂಥ ಸ್ಥಿತಿಯಲ್ಲಿ ಪೂರ್ತಿ ರೇಸು ಓಡಿಸಿ ಹನ್ನೆರಡನೆಯವರಾದರು. ಆ ವರ್ಷದ ನಿಯಮದಂತೆ ಅಂಕ ಸಿಗುತ್ತಿದ್ದದ್ದು ಮೊದಲ ಹತ್ತು ಮಂದಿಗೆ ಮಾತ್ರ. ಅಂದು ಗೆದ್ದವರು ರೈನಿ. ಅಂತರ ಎರಡೇ ಅಂಕಕ್ಕೆ ಇಳಿಯಿತು. ಕೊನೆಯ ರೇಸಾದ ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ರೈನಿ ಮೂರನೆಯವರಾಗಿ 12 ಅಂಕ ಪಡೆದರು, ಡೂಹನ್ ಆರನೆಯವರಾಗಿ ಆರು ಅಂಕ. ಅಂಕ ಸಮನಾಗಿದ್ದರೂ ಹೆಚ್ಚು ಗೆಲುವುಗಳ ಆಧಾರದ ಮೇಲೆ ಪಟ್ಟ ಡೂಹನ್ ಅವರದಾಗುತ್ತಿತ್ತು.

ಮರುವರ್ಷ ನಿಯಮ ಬದಲಾಗಿ ಮೊದಲ ಹದಿನೈದು ಮಂದಿಗೆ ಅಂಕ ಕೊಡತೊಡಗಿದರು. ಆ ಹೊಸ ನಿಯಮ ಒಂದು ವರ್ಷ ಮೊದಲೇ ಬಂದಿದ್ದರೆ ಬ್ರೆಜಿಲ್‌ನ ಹನ್ನೆರಡನೆಯ ಸ್ಥಾನ ವ್ಯರ್ಥವಾಗುತ್ತಿರಲಿಲ್ಲ ಎಂದು ಮರುಗುವವರಿದ್ದಾರೆ. ಕುತೂಹಲಕ್ಕೆ ನಾನೂ ಕೂತು ಲೆಕ್ಕ ಹಾಕಿದೆ: ಹೊಸ ನಿಯಮದಲ್ಲಿ ರೈನಿಗೆ 182, ಡೂಹನ್‌ಗೆ 179. ಆಗಲೂ ರೈನಿಯೇ ಗೆಲ್ಲುತ್ತಿದ್ದರು! ಆದ್ದರಿಂದ ನಿಯಮವನ್ನು ದೂರಿ ಪ್ರಯೋಜನವಿಲ್ಲ. ಪಟ್ಟ ಹೋದದ್ದು ಆಡಲಾಗದ ನಾಲ್ಕು ರೇಸುಗಳಲ್ಲಿ. ಎಂಟು ವಾರಕ್ಕೇ ಅವರನ್ನು ಬೈಕ್ ಮೇಲೆ ಕೂರಿಸಿದ್ದು ಸರಿಯೇ ಎಂಬ ಪ್ರಶ್ನೆ ಮಾತ್ರ ನನ್ನನ್ನು ಕಾಡುತ್ತದೆ. ಕೋಸ್ಟಾ ಅವರ ಕೈಗುಣದಿಂದ ಕಾಲು ಉಳಿಯಿತೆಂಬುದು ನಿಜ. ವಾಸಿಯಾಗದವರನ್ನೂ ಟ್ರ್ಯಾಕಿಗೆ ಕಳಿಸುವ ರೇಸ್ ಲೋಕದ ರೂಢಿಗೆ ಅವರ ಚಿಕಿತ್ಸಾಲಯವೇ ದೊಡ್ಡ ಆಸರೆಯಾಗಿತ್ತೆಂಬುದೂ ಅಷ್ಟೇ ನಿಜ.

1993 ಡೂಹನ್ ಪಾಲಿಗೆ ನೋವಿನ ವರ್ಷ. ಸರಿಯಾಗಿ ಕೂಡದ ಎಲುಬು ಬಾಗತೊಡಗಿ, ಮುಂದೆ ಅದನ್ನು ನೇರಗೊಳಿಸಲು ಕಾಲಿನ ಹೊರಗೆ ಲೋಹದ ಚೌಕಟ್ಟು ಹಾಕಿಸಿಕೊಳ್ಳಬೇಕಾಯಿತು. ಹರಡು ಬಗ್ಗದ ಕಾರಣ ಹಿಂದಿನ ಬ್ರೇಕಿನ ಪೆಡಲನ್ನು ಬಲಗಾಲಿನಿಂದ ಒತ್ತುವುದು ಕಷ್ಟವಾಯಿತು. ಆಗಿನ ನಮ್ಮ ಬುಲೆಟ್‌ಗಳಂತೆ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇದ್ದಿದ್ದರೆ ತೊಂದರೆ ಬೇರೆ ರೂಪದಲ್ಲಿ ಬರುತ್ತಿತ್ತೇನೋ. ಅವರ ತಂಡ ಕಂಡುಕೊಂಡ ಉಪಾಯವೆಂದರೆ, ಎಡಗೈ ಹಿಡಿಕೆಯ ಬಳಿ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುವ ಒಂದು ಪುಟ್ಟ ಲಿವರ್ ಜೋಡಿಸಿ, ಅದರಿಂದ ಹಿಂದಿನ ಬ್ರೇಕ್ ಹಿಡಿಯುವಂತೆ ಮಾಡಿದ್ದು. ಎಂಜಿನ್ ಹಿಡಿತವಿಲ್ಲದ ಟೂ-ಸ್ಟ್ರೋಕ್ ಬೈಕಿನಲ್ಲಿ ಹಿಂದಿನ ಬ್ರೇಕು ನಿಲ್ಲಿಸುವುದಕ್ಕಷ್ಟೇ ಅಲ್ಲ, ತಿರುವಿನಲ್ಲಿ ಬೈಕನ್ನು ಸ್ಥಿಮಿತದಲ್ಲಿಡುವುದಕ್ಕೂ, ಹೊರಬರುವಾಗ ಮುಂಚಕ್ರ ಏಳದಂತೆ ತಡೆಯುವುದಕ್ಕೂ ಬೇಕು. ಬಲ ತಿರುವಿನಲ್ಲಿ ಪೂರ್ತಿ ವಾಲಿದಾಗ ಕಾಲಿಗೂ ನೆಲಕ್ಕೂ ನಡುವೆ ಜಾಗವೇ ಇರದೆ, ಆರೋಗ್ಯವಂತ ಸವಾರರಿಗೂ ಪೆಡಲ್ ಒತ್ತುವುದು ಕಷ್ಟ. ಹೆಬ್ಬೆರಳಿಗೆ ಆ ಅಡ್ಡಿಯಿಲ್ಲ.

ಇದರಿಂದಲೇ ಡೂಹನ್ ಅಜೇಯರಾದರು, ಗಾಯವೇ ವರವಾಯಿತು ಎಂದು ಬರೆಯುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಕಾಲೂ ಸರಿಯಿದ್ದಾಗಲೇ 65 ಅಂಕ ಮುಂದಿದ್ದ ಸವಾರನಿಗೆ ವರದ ಅಗತ್ಯವಿರಲಿಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಬಾರದು: 1993ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಿಸಾನೊದಲ್ಲಿ ಬಿದ್ದ ರೈನಿಯವರ ಬೆನ್ನುಹುರಿಗೆ ಪೆಟ್ಟಾಗಿ, ಎದೆಯಿಂದ ಕೆಳಗೆ ಸ್ವಾಧೀನ ತಪ್ಪಿ, ಅವರ ವೃತ್ತಿ ಅಲ್ಲಿಗೇ ಮುಗಿಯಿತು. ಡೂಹನ್ ಅವರ ಐದು ಪಟ್ಟಗಳನ್ನು ಎಣಿಸುವಾಗ ಎದುರಿಗೆ ರೈನಿ ಇರಲಿಲ್ಲವೆಂಬುದೂ ಲೆಕ್ಕಕ್ಕೆ ಬರಬೇಕು.

ಆ ಐದು ವರ್ಷಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು 1997. ಎಲ್ಲರೂ ಬಿಗ್ ಬ್ಯಾಂಗ್ ಎಂಜಿನ್ನಿಗೆ ಒಗ್ಗಿಕೊಂಡಿದ್ದಾಗ ಡೂಹನ್, ಮುಖ್ಯ ಮೆಕ್ಯಾನಿಕ್ ಜೆರೆಮಿ ಬರ್ಜೆಸ್ ಅವರೊಂದಿಗೆ, ಹಳೆಯ ಕ್ರಮದಲ್ಲಿ ಉರಿಯುವ, ಕೀರಲು ದನಿಯಿಂದಾಗಿ ಸ್ಕ್ರೀಮರ್ ಎಂದು ಕರೆಸಿಕೊಳ್ಳುವ ಎಂಜಿನ್ನಿಗೆ ಮರಳಿದರು. ಅದು ಪಳಗಿಸಲು ಕಷ್ಟವಾದದ್ದು. ಪಳಗಿಸಬಲ್ಲವರು ತಾವೊಬ್ಬರೇ ಎಂಬ ನಂಬಿಕೆ ಅವರಿಗಿದ್ದಿರಬೇಕು. ಆ ವರ್ಷದ ಹದಿನೈದು ರೇಸುಗಳಲ್ಲಿ ಹನ್ನೆರಡನ್ನು ಅವರೇ ಗೆದ್ದರು. 2014ರಲ್ಲಿ ಸ್ಪೇನಿನ ಸವಾರ ಮಾರ್ಕ್ ಮಾರ್ಕೆಝ್ ಹದಿಮೂರು ಗೆಲ್ಲುವವರೆಗೆ ಆ ದಾಖಲೆ ಹಾಗೆಯೇ ಉಳಿದಿತ್ತು.

1999ರ ಮೇ ತಿಂಗಳಲ್ಲಿ ಸ್ಪೇನಿನ ಹೆರೆಜ್‌ನಲ್ಲಿ, ಅರ್ಹತಾ ಸುತ್ತಿನ ವೇಳೆ, ಒದ್ದೆಯಾಗಿದ್ದ ಬಿಳಿ ಗೆರೆಯ ಮೇಲೆ ಚಕ್ರ ಜಾರಿ ಡೂಹನ್ ಮತ್ತೆ ಬಿದ್ದರು. ಕಾಲು ಮತ್ತೆ ಮುರಿಯಿತು. ಈ ಸಲ ಅವರು ಮರಳಲಿಲ್ಲ. 500 ಸಿಸಿಯಲ್ಲಿ 54 ಗೆಲುವುಗಳೊಂದಿಗೆ ನಿವೃತ್ತರಾದರು. ಬರ್ಜೆಸ್ ಮತ್ತು ಅವರ ಹುಡುಗರನ್ನು ಹೋಂಡಾ ಮರುವರ್ಷ ಇಟಲಿಯಿಂದ ಬಂದ ಯುವ ಸವಾರ ವ್ಯಾಲೆಂಟಿನೊ ರೊಸ್ಸಿಗೆ ಒಪ್ಪಿಸಿತು. ಆ ಪುಟ್ಟ ಲಿವರ್ ಕೂಡ ಮೂಲೆಗೆ ಬೀಳಲಿಲ್ಲ: 500 ಸಿಸಿಯ ಜಾಗಕ್ಕೆ ಬಂದ ಇಂದಿನ ಮೋಟೋಜಿಪಿಯಲ್ಲಿ ಎರಡೂ ಕಾಲು ಗಟ್ಟಿಯಾಗಿರುವ ಎಷ್ಟೋ ಸವಾರರು ಹಿಂದಿನ ಬ್ರೇಕನ್ನು ಎಡಗೈಯಿಂದಲೇ ಹಿಡಿಯುತ್ತಾರೆ.