ಹಸು ಮಾರಿದ ಮೇಲೆ ವೇಳಾಂಕಣಿಗೆ

ಅಮ್ಮನ ಒಂದು ಹರಕೆ 31 ವರ್ಷ ಬಾಕಿ ಇತ್ತು.

ನನಗೆ ಏಳು ವರ್ಷವಿದ್ದಾಗ ಟೈಫಾಯ್ಡ್ ಬಂದು ಮೂರು ವಾರ ಮಲಗಿದ್ದೆನಂತೆ. ನಮ್ಮ ಬೀದಿಯ ಟೀಚರಮ್ಮ ಒಬ್ಬರು "ವೇಳಾಂಕಣಿ ಆರೋಗ್ಯ ಮಾತೆಗೆ ಹೇಳ್ಕೊಳ್ಳಿ" ಅಂದರಂತೆ. ತಮಿಳುನಾಡಿನ ಸಮುದ್ರದ ದಂಡೆಯಲ್ಲಿರುವ ಮೇರಿಮಾತೆಯ ಚರ್ಚು ಅದು. ಅಮ್ಮ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಳು. ನಾವು ಕ್ರೈಸ್ತರಲ್ಲ, ಕೋಲಾರದ ಕಡೆಯ ರೈತರು. ಮಗು ಜ್ವರದಲ್ಲಿ ಮಲಗಿರುವಾಗ ನಮ್ಮ ಕಡೆ ತಿಮ್ಮಪ್ಪ, ದರ್ಗಾ, ಮಾತೆ ಅಂತ ಯಾರೂ ಬೇರೆ ಬೇರೆ ಲೆಕ್ಕ ಇಡುವುದಿಲ್ಲ. ನಾನು ಎದ್ದು ಓಡಾಡಿದೆ. ಹರಕೆ ಉಳಿಯಿತು. ಅದಕ್ಕೆ ಕಾರಣ ಹಸು. ಎರಡು ಹೊತ್ತೂ ಹಾಲು ಕರೆದು ಡೈರಿಗೆ ಹಾಕುವವರು ಒಂದು ರಾತ್ರಿ ಕೂಡ ಊರು ಬಿಡುವ ಹಾಗಿಲ್ಲ. ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ನಮ್ಮ ಹಸು ಒದೆಯುತ್ತಿತ್ತು.

ಹೋದ ವರ್ಷ ಮಂಡಿನೋವು ಜಾಸ್ತಿಯಾಗಿ ಕೊನೆಯ ಹಸುವನ್ನೂ ಮಾರಿದಳು. ಆ ವಾರವೇ ಫೋನ್ ಮಾಡಿದಳು. "ಈಗ ಹೋಗಣ ಕಣೋ."

ಆಗಸ್ಟ್ 29ಕ್ಕೆ ಬಾವುಟ ಏರಿಸಿ ಸೆಪ್ಟೆಂಬರ್ 8ರವರೆಗೆ ನಡೆಯುವ ಹಬ್ಬದಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೇ ನಾವು ಫೆಬ್ರವರಿಯಲ್ಲಿ ಹೊರಟೆವು. ಬೆಂಗಳೂರಿನಿಂದ ರಾತ್ರಿ ಬಸ್. ಬೆಳಗ್ಗೆ ಇಳಿದರೆ, ಮೊದಲೇ ದುಡ್ಡು ಕಟ್ಟಿದ್ದ ಲಾಡ್ಜಿನಲ್ಲಿ ರೂಮು ಬೇರೆಯವರಿಗೆ ಕೊಟ್ಟಾಗಿತ್ತು. ನಾನು ಕಿರುಚಾಡಿದೆ. ಅಮ್ಮ ತೆಲುಗು, ತಮಿಳು ಎರಡನ್ನೂ ಕಲಸಿ ಏನೋ ಮಾತಾಡಿದಳು. ಹತ್ತು ನಿಮಿಷದಲ್ಲಿ ಮಹಡಿಯಲ್ಲಿ ಒಂದು ಸಣ್ಣ ರೂಮು ಸಿಕ್ಕಿತು. ಆ ವಿಷಯ ಅಲ್ಲಿಗೆ ಬಿಟ್ಟೆ.

ಮುಡಿ ತೆಗೆಯುವ ಜಾಗದಲ್ಲಿ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಅಮ್ಮನ ಕೂದಲು ಅಷ್ಟೇನೂ ಉಳಿದಿರಲಿಲ್ಲ. "ಆಗ ಕೊಟ್ಟಿದ್ರೆ ಇಷ್ಟುದ್ದ ಇತ್ತು. ಬಡ್ಡಿ ಸೇರ್ಸಿ ಕೊಡ್ಬೇಕಾದೋಳು ಅಸಲೇ ಕಮ್ಮಿ ಕೊಟ್ಟೆ" ಎಂದು ನಕ್ಕಳು. ತಲೆಗೆ ಗಂಧ ಹಚ್ಚಿಕೊಂಡಳು. ತಿರುಪತಿಯಿಂದ ಬಂದವಳ ಹಾಗೇ ಕಂಡಳು.

ಬೆಳ್ಳಗಿನ, ಚೂಪು ಗೋಪುರಗಳ ಚರ್ಚು ಬಸ್ಸಿನಿಂದಲೇ ಕಂಡಿತ್ತು. 1962ರಲ್ಲಿ ಪೋಪ್ 23ನೇ ಜಾನ್ ಇದಕ್ಕೆ ಬೆಸಿಲಿಕಾ ಎಂಬ ಪದವಿ ಕೊಟ್ಟರು. ಒಳಗೆ ಮಾತೆ ಸೀರೆ ಉಟ್ಟು, ಮಗು ಎತ್ತಿಕೊಂಡು ನಿಂತಿದ್ದಾಳೆ. ನಾನು ನೋಡಬೇಕು ಅಂದುಕೊಂಡಿದ್ದು ಪೀಠದ ಸುತ್ತ ಕೂರಿಸಿರುವ ಪಿಂಗಾಣಿ ತಟ್ಟೆಗಳನ್ನು. 17ನೇ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು, ಬದುಕಿ ದಡ ಸೇರಿದರೆ ಅಲ್ಲೇ ಗುಡಿ ಕಟ್ಟುತ್ತೇವೆ ಎಂದು ಹರಕೆ ಹೊತ್ತರಂತೆ. ದಡ ಸೇರಿದ್ದು ಇಲ್ಲಿ. ಅವತ್ತು ಸೆಪ್ಟೆಂಬರ್ 8, ಮೇರಿಯ ಹುಟ್ಟುಹಬ್ಬ. ಇಲ್ಲಿ ಆಗಲೇ ಇದ್ದ, ಗುಡಿಸಲಂತಿದ್ದ ಗುಡಿಯನ್ನು ಗಟ್ಟಿಯಾಗಿ ಕಟ್ಟಿಸಿ, ಮುಂದೆ ಬಂದಾಗೆಲ್ಲ ಈ ತಟ್ಟೆಗಳನ್ನು ತಂದು ಕೊಟ್ಟರಂತೆ. ಹತ್ತಿರದ ನಾಗಪಟ್ಟಿಣಂ ಬಂದರನ್ನು 1658ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕಿತ್ತುಕೊಂಡರು. ಆಮೇಲೆ ಅದು ಇಂಗ್ಲಿಷರಿಗೆ ಹೋಯಿತು. ಬಂದರು ಕೈ ಬದಲಾಯಿಸುತ್ತಲೇ ಹೋದರೂ ತಟ್ಟೆಗಳು ಇಲ್ಲೇ ಉಳಿದವು. ಇದನ್ನೆಲ್ಲ ಅಮ್ಮನಿಗೆ ಉತ್ಸಾಹದಿಂದ ಹೇಳಿದೆ. "ಅವ್ರೂ ಹರಕೆನೇ ಹೊತ್ತಿದ್ರಾ?" ಎಂದು ಕೇಳಿ ಮುಂದೆ ಹೋದಳು.

ಹರಕೆ ಒಪ್ಪಿಸಿದ ವಸ್ತುಗಳ ಮ್ಯೂಸಿಯಂನಲ್ಲಿ ಮಾತ್ರ ನಿಂತಳು. ಬೆಳ್ಳಿಯ ಕೈ, ಕಾಲು, ಕಣ್ಣು, ತೊಟ್ಟಿಲು, ಪುಟ್ಟ ಪುಟ್ಟ ಮನೆ. ಒಂದೊಂದರ ಹಿಂದೆಯೂ ಯಾರದೋ ಮನೆಯ ಆಸ್ಪತ್ರೆ ಚೀಟಿ ಇರುತ್ತೆ, ಅಲ್ವಾ? ಕಾಲುಗಳೇ ಜಾಸ್ತಿ ಇದ್ದ ಹಾಗೆ ನನಗೆ ಕಂಡಿತು. ಅಮ್ಮ ತನ್ನ ಮಂಡಿ ಮುಟ್ಟಿ ನೋಡಿಕೊಂಡಳು.

ಅಲ್ಲಿಂದ ಮಾತಾ ಕುಳಂ ಕಡೆ ಮರಳಿನ ದಾರಿ. ಕುಳಂ ಅಂದರೆ ಕೊಳ. ಹರಕೆ ಹೊತ್ತವರು ಆ ಮರಳಿನಲ್ಲಿ ಮಂಡಿಯೂರಿಕೊಂಡೇ ಹೋಗುತ್ತಾರೆ. ಒಬ್ಬ ಹುಡುಗಿ ಹಾಗೆ ಹೋಗುತ್ತಿದ್ದಳು, ಅವಳ ಅಣ್ಣನೋ ಗಂಡನೋ ಪಕ್ಕದಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದ. ಬಿಸಿಲು ಏರಿತ್ತು. ನಾವು ಓರೆಯಲ್ಲಿ ನಿಧಾನಕ್ಕೆ ನಡೆದೆವು.

ಊರಿನ ಮೊದಲ ಕಥೆ ನಡೆದಿದ್ದು ಈ ಕೊಳದ ಹತ್ತಿರ. 16ನೇ ಶತಮಾನದ್ದು ಎನ್ನುತ್ತಾರೆ. ಬರೆದಿಟ್ಟಿದ್ದಲ್ಲ, ಬಾಯಿಂದ ಬಾಯಿಗೆ ಬಂದಿದ್ದು. ಧಣಿಯ ಮನೆಗೆ ಹಾಲು ಒಯ್ಯುತ್ತಿದ್ದ ಹುಡುಗನೊಬ್ಬ ಇಲ್ಲಿ ಆಲದ ಮರದ ಕೆಳಗೆ ದಣಿವಾರಿಸಿಕೊಳ್ಳಲು ಮಲಗಿದ. ಕಂಕುಳಲ್ಲಿ ಮಗು ಇದ್ದ ತಾಯಿಯೊಬ್ಬಳು ಬಂದು ಮಗುವಿಗೆ ಹಾಲು ಕೇಳಿದಳು. ಕೊಟ್ಟ. ಧಣಿಯ ಮನೆಗೆ ಹೋಗಿ, ತಡವಾಯ್ತು, ಹಾಲೂ ಕಮ್ಮಿ ಇದೆ ಎಂದು ಒಪ್ಪಿಕೊಂಡ. ನೋಡಿದರೆ ಕುಡಿಕೆ ತುಂಬಿ ಹಾಲು ಉಕ್ಕುತ್ತಿತ್ತು.

ಅಮ್ಮ ಕೊಳದ ಮೆಟ್ಟಿಲ ಹತ್ತಿರ ಕೂತೇಬಿಟ್ಟಳು.

"ಕಮ್ಮಿ ಇದೆ ಅಂತ ಅವ್ನೇ ಹೇಳಿದ್ನಾ?"

"ಹೌದಮ್ಮ."

"ನೀರು ಬೆರೆಸ್ಲಿಲ್ಲ?"

ಕೊಳ ಎದುರಿಗೇ ಇತ್ತಲ್ಲ! ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ವರ್ಷಗಟ್ಟಲೆ ಡೈರಿಯ ಸಾಲಿನಲ್ಲಿ ನಿಂತವಳು. ನೀರು ಹಾಕದೆ ಇದ್ದರೂ ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಬರಲಿಲ್ಲ ಅಂತ ಎಷ್ಟೋ ಸಲ ಹಾಲು ವಾಪಸ್ ತಂದವಳು. ಹುಡುಗನ ಭಯ ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಓದಿಯೂ ನಾನು ಆ ಕಥೆಯಲ್ಲಿ ಪವಾಡವನ್ನಷ್ಟೇ ನೋಡಿದ್ದೆ.

ದಾರಿಯಲ್ಲೇ ನಡುತಿಟ್ಟು ಎಂಬ ಜಾಗ. ಅಲ್ಲಿ ನಡೆಯಲಾಗದ ಹುಡುಗನೊಬ್ಬ ದಾರಿಹೋಕರಿಗೆ ಮಜ್ಜಿಗೆ ಮಾರುತ್ತಿದ್ದನಂತೆ. ಅವನ ಹತ್ತಿರವೂ ಅದೇ ತಾಯಿ ಮಗುವಿಗೆ ಮಜ್ಜಿಗೆ ಕೇಳಿದಳು. ಕುಡಿದ ಮೇಲೆ, ನಾಗಪಟ್ಟಿಣಂನ ಸಾಹುಕಾರನಿಗೆ ಇಲ್ಲೊಂದು ಗುಡಿ ಕಟ್ಟಲು ಹೇಳು ಎಂದಳು. ಹುಡುಗ ಎದ್ದು ಓಡಿದ. ಅಮ್ಮ ಇದಕ್ಕೂ ತಲೆಯಾಡಿಸಿದಳು. "ಹಾಲು ಮಾರೋರು, ಮಜ್ಗೆ ಮಾರೋರು. ಎಲ್ಲ ನಮ್ಮೋರೇ."

ಸಂಜೆ ಅಂಗಡಿ ಬೀದಿ ದಾಟಿ ಸಮುದ್ರಕ್ಕೆ ಹೋದೆವು. ಮೇಣದಬತ್ತಿ, ಜಪಸರ, ಪ್ಲಾಸ್ಟಿಕ್ ಬಾಟಲಿ, ಕರಿದ ಮೀನು. 2004ರ ಡಿಸೆಂಬರ್ 26, ಕ್ರಿಸ್ಮಸ್ ಮರುದಿನದ ಭಾನುವಾರ, ಸುನಾಮಿ ಬಂದಿದ್ದು ಇದೇ ಬೀದಿಗೆ. ಚರ್ಚಿನ ಒಳಗೆ ನೀರು ನುಗ್ಗಲಿಲ್ಲ, ಪೂಜೆಯಲ್ಲಿ ಇದ್ದವರು ಉಳಿದರು. ದಂಡೆಯಲ್ಲಿದ್ದ ಯಾತ್ರಿಕರು, ಅಂಗಡಿಯವರು ನೂರಾರು ಜನ ಸತ್ತರು. ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6000ಕ್ಕೂ ಹೆಚ್ಚು. ಗುರುತು ಸಿಗದವರನ್ನು ಒಟ್ಟಿಗೆ ಹೂತರು. ಚರ್ಚು ಉಳಿದದ್ದು ಪವಾಡ ಎನ್ನುವವರಿದ್ದಾರೆ. ದಂಡೆಯ ಮೇಲೆ ನಿಂತು ನನಗೆ ಆ ಮಾತು ಬಾಯಿಗೆ ಬರಲಿಲ್ಲ.

"ಎಷ್ಟೊತ್ತಲ್ಲಿ ಬಂತು?" ಅಮ್ಮ ಕೇಳಿದಳು.

"ಬೆಳಗ್ಗೆ ಒಂಬತ್ತು ದಾಟಿತ್ತು."

"ಹಾಲು ಹಾಕಿ ಬಂದು ತಿಂಡಿಗೆ ಕೂರೋ ಹೊತ್ತು" ಎಂದಳು. ನೀರಿಗೆ ಕಾಲಿಡಲಿಲ್ಲ.

ರಾತ್ರಿ ಬಸ್ಸಿನಲ್ಲಿ ಬೋಳು ತಲೆಗೆ ಚಳಿ ಎಂದು ನನ್ನ ಟವಲ್ ಸುತ್ತಿಕೊಂಡಳು. ಕೊಳದ ನೀರಿನ ಬಾಟಲಿ ತೊಡೆ ಮೇಲೆ. ಟೀಚರಮ್ಮನಿಗೆ ಕೊಡಬೇಕಂತೆ, ಅವರಿಗೀಗ ಎಂಬತ್ತು ದಾಟಿದೆ. ಎಲ್ಲೋ ಬಸ್ಸು ನಿಂತಾಗ ನನಗೆ ಎಚ್ಚರವಾಯಿತು. ಅಮ್ಮ ಆಗಲೇ ಎದ್ದು ನೆಟ್ಟಗೆ ಕೂತಿದ್ದಳು. ಮೊಬೈಲ್ ನೋಡಿದೆ. ನಾಲ್ಕೂವರೆ, ಹಾಲು ಕರೆಯುವ ಹೊತ್ತು.

"ಮಲಕ್ಕೋ, ಅಮ್ಮ."

"ನಿದ್ದೆ ಎಲ್ಲಿ ಬರುತ್ತೆ? ಹೊಸೂರು ದಾಟಿದ್ವಾ?"