ಮುಷ್ಕರದ ದಿನ, ಡಯಾಲಿಸಿಸ್ ರೂಮಿನ ಹೊರಗೆ

2025 ಜುಲೈ 9, ಬುಧವಾರ
ಮಂಜೇಶ್ವರ

ಡ್ರೈವರ್ ಇಚ್ಚ ಬೆಳಗ್ಗೆ ಬೇಗನೇ ಓಮ್ನಿ ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಇವತ್ತು ದೇಶವಿಡೀ ಮುಷ್ಕರ. ದೇಶವಿಡೀ ಅಂದರೆ ನಮ್ಮ ಕೇರಳದಲ್ಲಿ ಅಂತ ಲೆಕ್ಕ. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಬಸ್ಸು, ಹೋಟೆಲು ಎಲ್ಲ ಇದ್ದ ಹಾಗೇ ಇದೆ, ಈಚೆ ಒಂದು ಗೂಡಂಗಡಿ ಕೂಡ ತೆರೆದಿಲ್ಲ. ಎದುರಿನ ಗಾಜಿಗೆ 'ಆಸ್ಪತ್ರೆ' ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಬರೆದ ಕಾಗದ ಅಂಟಿಸಿದ್ದರು. ಕಾಗದ ಹಳೆಯದು. ಎಷ್ಟು ಹರತಾಳ ನೋಡಿದೆಯೋ ಏನೋ.

ಅಪ್ಪನಿಗೆ ಸೋಮ, ಬುಧ, ಶುಕ್ರ ಡಯಾಲಿಸಿಸ್. ಮುಷ್ಕರ ಬರಲಿ, ಮಳೆ ಬರಲಿ, ಮಂಗಳೂರಿಗೆ ಹೋಗಲೇಬೇಕು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರು. ಆಗ ಅಪ್ಪ ಎಷ್ಟು ಖುಷಿಯಲ್ಲಿದ್ದರು! ಅದು ಇನ್ನೂ ಮುಗಿಯುತ್ತಲೇ ಇದೆ. ತಲಪಾಡಿ ದಾಟುವಾಗೆಲ್ಲ ನನಗೆ 2020ರ ಮಾರ್ಚಿನ ಕೊರೊನಾ ಲಾಕ್‌ಡೌನ್ ನೆನಪಾಗುತ್ತದೆ. ರಸ್ತೆಗೆ ಮಣ್ಣು ಸುರಿದು, ಆಂಬುಲೆನ್ಸನ್ನೂ ಬಿಡದೆ, ನಮ್ಮ ಕಡೆಯವರು ಎಷ್ಟೋ ಜನ ಮಂಗಳೂರು ಮುಟ್ಟದೆ ತೀರಿಕೊಂಡರು. ನಾನು ಅದನ್ನೆಲ್ಲ ಆಫ್ರಿಕಾದ ಮಲಾವಿಯಲ್ಲಿ ಕೂತು ಫೋನಿನಲ್ಲಿ ಓದಿದವಳು. ಬರೋಣ ಅಂದರೆ ವಿಮಾನವೂ ಇರಲಿಲ್ಲ. ಅಪ್ಪನ ಕಿಡ್ನಿ ಆಗ ಸರಿಯಿತ್ತು, ದೇವರಿಗೆ ಸ್ತೋತ್ರ.

ಆಸ್ಪತ್ರೆಯಲ್ಲಿ ಅಪ್ಪನನ್ನು ಒಳಗೆ ಬಿಟ್ಟು ಹೊರಗಿನ ಬೆಂಚಿನಲ್ಲಿ ಕೂತೆವು. ನಾಲ್ಕು ಗಂಟೆ ಕಾಯಬೇಕು. ಇಷ್ಟು ವರ್ಷ ನರ್ಸ್ ಕೆಲಸ ಮಾಡಿದ್ದೇನೆ, ರೋಗಿಯ ಜೊತೆಗಿರುವ ಬೈಸ್ಟ್ಯಾಂಡರ್ ಆಗಿ ಬೆಂಚಿನಲ್ಲಿ ಕೂತದ್ದು ಈ ರಜೆಯಲ್ಲೇ. ಕೈಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಎರಡು ಸಲ ಎದ್ದು ಬಾಗಿಲ ಗಾಜಿನಿಂದ ಇಣುಕಿದೆ, ಸಿಸ್ಟರ್ ಬೈದು ಕೂರಿಸಿದರು.

ಇಚ್ಚ ನಕ್ಕರು. "ಅಲ್ಲಿ ನೀನೂ ಹೀಗೇ ಬೈಯುವುದಲ್ವಾ ತಂಗೀ?"

ಬೈಯುತ್ತೇನೆ. ಮಲಾವಿಯಲ್ಲಿ ರೋಗಿಯ ಜೊತೆ ಬರುವವರಿಗೆ ಗಾರ್ಡಿಯನ್ ಅನ್ನುತ್ತಾರೆ ಅಂತ ಅವರಿಗೆ ಹೇಳಿದೆ. ಅವರು ಇಲ್ಲದೆ ಅಲ್ಲಿ ಆಸ್ಪತ್ರೆ ನಡೆಯುವುದಿಲ್ಲ. ಹಿಂದಿನ ಅಂಗಳದಲ್ಲಿ ಕಲ್ಲು ಇಟ್ಟು ಬೆಂಕಿ ಹಾಕಿ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ಮಾಡುತ್ತಾರೆ, ಮೈ ಒರೆಸುತ್ತಾರೆ, ಬಟ್ಟೆ ಒಗೆಯುತ್ತಾರೆ, ರಾತ್ರಿ ಮಂಚದ ಕೆಳಗೇ ಮಲಗುತ್ತಾರೆ. ಜನವರಿ, ಫೆಬ್ರವರಿಯ ಮಳೆಯಲ್ಲಿ ಮಲೇರಿಯಾ ಏರಿದಾಗ ಒಂದು ಮಂಚದಲ್ಲಿ ಇಬ್ಬರು ಮೂವರು ಮಕ್ಕಳು. ರಕ್ತ ತೀರಾ ಇಳಿದ ಮಗುವಿಗೆ ಅದರ ಅಪ್ಪನೋ ಚಿಕ್ಕಪ್ಪನೋ ಅಲ್ಲೇ ತೋಳು ಚಾಚುತ್ತಾರೆ. ರೌಂಡ್ಸ್ ಹೊತ್ತಿಗೆ ನಾನು ಅವರನ್ನೆಲ್ಲ ಹೊರಗೆ ಓಡಿಸುತ್ತೇನೆ, ಓಡಿಸದಿದ್ದರೆ ನಡೆಯಲು ಜಾಗ ಇರುವುದಿಲ್ಲ.

"ಹೋಗ್ತಾರಾ?"

"ಹೋಗ್ತಾರೆ. ಕಿಟಕಿಯಲ್ಲಿ ನಿಲ್ತಾರೆ."

"ಮತ್ತೆ ಹೇಗೆ ಹೋಗುವುದು," ಅಂದರು ಇಚ್ಚ. ಸ್ವಲ್ಪ ಹೊತ್ತು ಬಿಟ್ಟು, "ಮಾಸ್ಟ್ರು ಈ ಎರಡು ದಿನ ನೀರು ಜಾಸ್ತಿ ಕುಡಿದಿದ್ದಾರೆ. ತೂಕ ಐವತ್ತೆಂಟು ಕಿಲೋ ದಾಟಿದ್ರೆ ಅವರಿಗೆ ಉಸಿರು ಕಟ್ತದೆ. ಹೋದ ತಿಂಗಳು ಅರುವತ್ತೂವರೆ ಆಗಿತ್ತು, ನಾನು ಸಿಸ್ಟರಿಗೆ ಹೇಳಿದೆ, ನಿಧಾನ ತೆಗೀರಿ, ಒಟ್ಟಿಗೆ ತೆಗೆದ್ರೆ ಬಿ.ಪಿ. ಇಳಿದು ಕಾಲು ಸೆಟೆಯುತ್ತದೆ ಅಂತ."

ನಾನು ಸುಮ್ನೆ ಕೇಳಿದೆ. ಡ್ರೈ ವೇಟ್, ಅಂದರೆ ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ, ಅಂದರೇನು, ನೀರು ಬೇಗ ಎಳೆದರೆ ಏನಾಗುತ್ತದೆ, ಇದನ್ನೆಲ್ಲ ಓದಿ ಪಾಸಾದವಳು ನಾನು. ಅಪ್ಪನ ಡ್ರೈ ವೇಟ್ ಎಷ್ಟು ಅಂತ ಗೊತ್ತಿದ್ದದ್ದು ಬಾಡಿಗೆ ಗಾಡಿ ಓಡಿಸುವ ಇಚ್ಚನಿಗೆ. ಅಪ್ಪನ ಹತ್ತಿರ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಕಲಿತವರು. ಬಾಡಿಗೆ ಕೇಳಿದರೆ ಪೆಟ್ರೋಲಿನದು ಮಾತ್ರ ತೆಗೆದುಕೊಳ್ಳುತ್ತಾರೆ. ಜಾಸ್ತಿ ಕೊಟ್ಟರೆ ಅಮ್ಮನ ಕೈಗೆ ವಾಪಸ್ ಬರುತ್ತದೆ, ಇಲ್ಲವೇ ಮೀನಾಗಿ ಬರುತ್ತದೆ.

ಹೋದ ಭಾನುವಾರ ಚರ್ಚ್ ಸಭೆಯಲ್ಲಿ ನನ್ನನ್ನು ಸಾಕ್ಷಿ ಹೇಳಲು ನಿಲ್ಲಿಸಿದ್ದರು. ಬದುಕಿದ ಮಕ್ಕಳ ಕಥೆ ಹೇಳಿದೆ, ಎಲ್ಲರಿಗೂ ಇಷ್ಟ ಆಯಿತು. ಆಮೇಲೆ ಒಬ್ಬರು ದೊಡ್ಡಮ್ಮ ಕೈ ಹಿಡಿದು, "ಅಲ್ಲಿಯ ಕಷ್ಟ ನೋಡಿದ್ರೆ ನಾವು ಎಷ್ಟು ಪುಣ್ಯವಂತರು ಅನ್ನಿಸ್ತದೆ" ಅಂದರು. ಅದು ಅಂದಿನಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ನಮ್ಮ ಮಿಷನ್ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಇಲ್ಲ. ಅದು ಬ್ಲಾಂಟೈರ್, ಲಿಲೊಂಗ್ವೆಯಂಥ ಊರುಗಳ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ. ಅಲ್ಲಿ ವಾರವಾರ ಉಳಿಯಲು ದುಡ್ಡಿಲ್ಲದವರು ಮನೆಗೇ ಹೋಗುತ್ತಾರೆ. ಅಪ್ಪನ ವಯಸ್ಸಿನವರು ಒಬ್ಬರು ಹಾಗೆ ಹೋದರು. ಅವರ ಮಗಳು ನನಗೆ ಕೋಳಿ ತಂದುಕೊಟ್ಟು ಹೋದಳು. ಅವರಿಗೆ ಇಲ್ಲದ್ದು ನಮ್ಮ ಅಪ್ಪನಿಗೆ ಸಿಕ್ಕಿತು ಅಂತ ಸ್ತೋತ್ರ ಹೇಳುವುದು ನನ್ನಿಂದ ಆಗುವುದಿಲ್ಲ. ಅಂಥ ಸ್ತೋತ್ರ ದೇವರಿಗೂ ಬೇಡವೇನೋ.

ಇಚ್ಚನಿಗಾಗಿ ಸ್ತೋತ್ರ ಹೇಳಬಹುದು. ಪಕ್ಕದ ಮನೆ ಅಕ್ಕನಿಗಾಗಿಯೂ ಹೇಳಬಹುದು, ವಾರದ ಮಾತ್ರೆ ಡಬ್ಬಿ ತುಂಬಿಸುವುದು ಅವರೇ, ಒಂದು ಸಲವೂ ತಪ್ಪಿಲ್ಲ. ನಾವು ಕಳಿಸುವ ಪ್ರಾರ್ಥನಾ ಪತ್ರದಲ್ಲಿ ಈ ಇಬ್ಬರು ಇದುವರೆಗೆ ಬಂದಿಲ್ಲ. ನಾವು ಎಷ್ಟು ರೋಗಿಗಳನ್ನು ನೋಡಿದೆವು, ಯಾವ ಮೆಷಿನ್ ಬೇಕು, ಬರೀ ಅದೇ. ಇವರು ಇಲ್ಲದಿದ್ದರೆ ನಾನು ಯಾವತ್ತೋ ಬ್ಯಾಗ್ ಕಟ್ಟಿಕೊಂಡು ವಾಪಸ್ ಬಂದಿರುತ್ತಿದ್ದೆ.

ಮಧ್ಯಾಹ್ನ ಮಲಾವಿಯಿಂದ ನನ್ನ ಗಂಡನ ಫೋನು. ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ, ಅಲ್ಲಿ ಈಗ ಚಳಿ. ಮಲೇರಿಯಾ ಕಮ್ಮಿ, ನ್ಯುಮೋನಿಯಾ ಜಾಸ್ತಿ. ಕರೆಂಟ್ ಹೋಗಿ ಆಕ್ಸಿಜನ್ ಕಾನ್ಸಂಟ್ರೇಟರ್ ನಿಂತಿತ್ತಂತೆ, ಜನರೇಟರಿಗೆ ಡೀಸೆಲ್ ಹುಡುಕಿಕೊಂಡು ಓಡಾಡಿದರಂತೆ. ಮಗು ಉಳಿಯಿತು. ಮಗಳು ಫೋನ್ ಕಿತ್ತುಕೊಂಡು ಅಜ್ಜನ ವಿಚಾರ ಅರ್ಧ ಕನ್ನಡ, ಅರ್ಧ ಚಿಚೇವಾದಲ್ಲಿ ಕೇಳಿದಳು. ನನಗೆ ನಗು ಬಂತು, ಆಮೇಲೆ ಯಾಕೋ ಸಿಟ್ಟೂ ಬಂತು.

ಸಂಜೆ ಮನೆಗೆ ಬಂದ ಕೂಡಲೇ ಅಪ್ಪ ಹಲಸಿನ ತೊಳೆಗೆ ಕೈ ಹಾಕಿದರು. ಪೊಟ್ಯಾಸಿಯಂ, ಡಯಾಲಿಸಿಸ್‌ನವರಿಗೆ ಆಗದು ಅಂದೆ. "ನಿನ್ನ ಪೊಟ್ಯಾಸಿಯಂ ಆಫ್ರಿಕಾದಲ್ಲಿ ಇಟ್ಟುಕೋ ಮಗಾ," ಅಂದರು. ಒಂದು ತೊಳೆ ಕೊಟ್ಟೆ.

ಟಿಕೆಟ್ ಆಗಸ್ಟಿಗೆ ಆಗಿದೆ. ಅಮ್ಮನಿಗೆ ಗೊತ್ತು, ಇಚ್ಚನಿಗೆ ಇನ್ನೂ ಹೇಳಿಲ್ಲ. ಹೇಳಿದರೆ "ಹೋಗಿ ಬಾ ತಂಗೀ, ನಾವಿದ್ದೇವಲ್ವಾ" ಅಂದುಬಿಡುತ್ತಾರೆ. ಹಾಗೆ ಅನ್ನದೆ ಒಂದು ಸಲ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಡಿದ್ದು ಮತ್ತೆ ಮಂಗಳೂರು. ಅಷ್ಟರೊಳಗೆ ಅಮ್ಮನ ಹತ್ತಿರ ಗಂಜಿಯ ವಿಷಯ ಮಾತಾಡಬೇಕು, ಗಂಜಿ ತಿಳಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ ಅಂತ, ಆದರೆ ಅಪ್ಪನಿಗೆ ಗಂಜಿ ಬೇಡ ಅನ್ನುವುದು ಯಾರು, ನಾನು ಹೋದ ಮೇಲೆ ಅದನ್ನು ನೋಡಿಕೊಳ್ಳುವುದು ಯಾರು.