ಹುಣ್ಣಿಮೆಯ ಮರುದಿನ ಶರಾವತಿ ಅಳಿವೆಯಲ್ಲಿ

ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಕಯಾಕ್ ಎಂಬ ಕಿರುದೋಣಿಯಲ್ಲಿ ಹೋಗುವ ಹೊತ್ತನ್ನು ಗೊತ್ತುಮಾಡುವುದು ಕಡಲಿನ ಭರತ ಮತ್ತು ಇಳಿತಗಳೇ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಆ ಏರಿಳಿತ ತಗ್ಗುತ್ತದೆ. ದಿನದಿಂದ ದಿನಕ್ಕೆ ಭರತದ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಜನವರಿಯ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಹೊನ್ನಾವರದಲ್ಲಿ ನಾವು ನೀರಿಗಿಳಿದಾಗ ಭರತ ಅರ್ಧದಷ್ಟು ಏರಿತ್ತು.

ಹಿಂದಿನ ದಿನ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ನಾರ್ಕೆಲಿಂಗ್ ಮಾಡಿ ಬಂದಿದ್ದೆವು. ದಡದಿಂದ ಸುಮಾರು 19 ಕಿಲೋಮೀಟರ್ ದೂರವಿರುವ ಆ ದ್ವೀಪದ ಬಂಡೆಗಳ ಬುಡದಲ್ಲಿ ಗಿಳಿಮೀನುಗಳು ಹವಳವನ್ನು ಕೆರೆಯುವ ಸದ್ದು, ಮುಖ ನೀರಿನೊಳಗಿದ್ದಷ್ಟು ಹೊತ್ತೂ ಕಟಕಟನೆ ಕೇಳಿಸುತ್ತಿತ್ತು. ಆದರೆ ತಲೆ ಎತ್ತಿದೊಡನೆ ಇಂಜಿನ್ನಿನ ಗದ್ದಲ, ಡೀಸೆಲ್ ವಾಸನೆ, ಮುಂದಿನ ಗುಂಪಿನವರ ಕೂಗು. ಬಂಡೆಯ ತುದಿಯಲ್ಲಿದ್ದ ಬಿಳಿಹೊಟ್ಟೆಯ ಕಡಲ ಹದ್ದು ನಮ್ಮ ದೋಣಿ ಹತ್ತಿರವಾಗುವ ಮೊದಲೇ ಹಾರಿಹೋಗಿತ್ತು. ನೋಡುವುದಕ್ಕೆಂದು ಹೋದವರೇ ನೋಡಬೇಕಾದದ್ದನ್ನು ಓಡಿಸುತ್ತೇವೆ ಎಂಬ ಕಸಿವಿಸಿ ನನಗೆ ಅಲ್ಲಿಯೇ ಶುರುವಾಗಿತ್ತು.

ಕಯಾಕ್‌ನಲ್ಲಿ ಆ ಗದ್ದಲವಿಲ್ಲ. ನಮ್ಮೊಂದಿಗೆ ಪಾತಿ ದೋಣಿಯಲ್ಲಿ ಬಂದಿದ್ದ ಹಿರಿಯ ಮೀನುಗಾರರೊಬ್ಬರು ನನ್ನ ಆರ್ಭಟವನ್ನು ಸ್ವಲ್ಪ ಹೊತ್ತು ನೋಡಿ, “ಹುಟ್ಟು ಹೊಡೂದಲ್ಲ ತಮಾ, ನೀರು ಎಳೂದು” ಎಂದರು. ಹಾಗೆ ಎಳೆಯತೊಡಗಿದ ಮೇಲೆ ಸದ್ದಡಗಿತು, ಭುಜದ ನೋವೂ ತಗ್ಗಿತು. ಕಾಲುವೆ ಕಿರಿದಾದಂತೆ ಎರಡೂ ಬದಿಯ ಕಾಂಡ್ಲಾ ಗಿಡಗಳ ಊರುಬೇರುಗಳು ಕೈಗೆಟಕುವಷ್ಟು ಸಮೀಪ ಬಂದವು. ಆದರೆ ಅವುಗಳಿಗೆ ಅಂಟಿದ ಸಿಂಪಿಗಳ ಅಂಚು ಬ್ಲೇಡಿನಷ್ಟು ಹರಿತವಾದ್ದರಿಂದ ಹಿಡಿಯುವಂತಿಲ್ಲ. ಕೊಂಬೆಗಳಲ್ಲಿ ನುಗ್ಗೆಕಾಯಿಯಂತೆ ನೇತಾಡುತ್ತಿದ್ದವು ಕಾಯಿಗಳಲ್ಲ, ತಾಯಿಗಿಡದ ಮೇಲೆಯೇ ಮೊಳೆತ ಸಸಿಗಳು. ಕಳಚಿ ಬಿದ್ದವು ಕೆಸರಿನಲ್ಲಿ ನೆಟ್ಟಗೆ ನಾಟಿಕೊಳ್ಳಬಹುದು, ಇಲ್ಲವೇ ಭರತದೊಂದಿಗೆ ತೇಲಿ ಬೇರೆ ದಂಡೆಯಲ್ಲಿ ಬೇರೂರಬಹುದು. ನೀರು ಇನ್ನೂ ಮುಟ್ಟದ ಕೆಸರಿನಲ್ಲಿ, ಒಂದೇ ಕೊಂಡಿ ವಿಪರೀತ ದೊಡ್ಡದಾಗಿರುವ ಏಡಿಯೊಂದು ಅದನ್ನು ಎತ್ತಿ ಇಳಿಸಿ ಮಾಡುತ್ತಿತ್ತು. ನಾನು ಹುಟ್ಟನ್ನು ತೊಡೆಯ ಮೇಲಿಟ್ಟು ಕುಳಿತಷ್ಟು ಹೊತ್ತು ಅದು ತನ್ನ ಕೆಲಸ ನಿಲ್ಲಿಸಲಿಲ್ಲ. ಹುಟ್ಟಿನ ನೆರಳು ಬಿದ್ದದ್ದೇ ತಡ, ಬಿಲ ಸೇರಿತು.

ಮರಳುವಾಗ ಅಳಿವೆಯ ದಕ್ಷಿಣಕ್ಕಿರುವ ಅಪ್ಸರಕೊಂಡದ ಕಡಲಿನ ಮಾತು ಬಂದಿತು. ಅದೀಗ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿಧಾಮದ ಭಾಗ. ಆ ಹಿರಿಯರ ಚಿಂತೆ ಬಲೆಯದು, ನನ್ನದು ಇಂಜಿನ್ನಿನದು. ಕಡಲಾಮೆಗಳು ಮೊಟ್ಟೆಯಿಡಲು ಬರುವ ಈ ಕರಾವಳಿಯಲ್ಲಿ ತಲೆತಲಾಂತರದಿಂದ ಮೀನು ಹಿಡಿದು ಬದುಕುವವರಿಗೆ ಕಟ್ಟಳೆ ವಿಧಿಸುವುದಕ್ಕೆ ಮೊದಲು, ನಮ್ಮಂಥ ಪ್ರವಾಸಿಗರ ಇಂಜಿನ್ ದೋಣಿಗಳ ಸಂಖ್ಯೆಗೂ ವೇಗಕ್ಕೂ ಮಿತಿ ಹಾಕುವುದು ನ್ಯಾಯ ಎಂದು ನಾನೆಂದೆ. ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ತಮ್ಮ ಮಗ ಓಡಿಸುವುದೂ ಅಂಥದೇ ದೋಣಿ ಎಂದಷ್ಟೇ ಹೇಳಿದರು.